ನಾನು ಒಣಗಿಸಿದ ದೋಣಿ

ಮಸ್ಕಿ ಬಸ್ ಸ್ಟ್ಯಾಂಡ್

ಐರ್ಲೆಂಡಿಗೆ ಹೋಗಿ ಬಂದು ಎರಡು ತಿಂಗಳಾಯಿತು. ಇವತ್ತಿಗೂ ಲಿಂಗಸುಗೂರು ಬಸ್ಸಿಗೆ ಕಾಯುತ್ತ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಕುಳಿತರೆ ಯಾರಾದರೊಬ್ಬರು ಪಕ್ಕಕ್ಕೆ ಬಂದು ಕೂರುತ್ತಾರೆ.

"ಅಮರಮ್ಮ, ನೀ ಸಮುದ್ರದಾಗ ಮುಳುಗಿದ್ದಿಯಂತಲ್ಲ? ಹೆಲಿಕಾಪ್ಟರ್ ಬಂದು ಎತ್ತಿತಂತ?"

ನಾನು ಮುಳುಗಲಿಲ್ಲ. ಹೆಲಿಕಾಪ್ಟರನ್ನು ನೋಡಿದ್ದು ಸಿಂಧನೂರಿಗೆ ಮಂತ್ರಿಗಳು ಬಂದಾಗ ಮಾತ್ರ. ಹೇಳಿ ಹೇಳಿ ಬಾಯಿ ನೋಯತೊಡಗಿದೆ, ಒಂದೆರಡು ಸಲ ಬಸ್ಸೂ ತಪ್ಪಿದೆ. ಅದಕ್ಕೇ ಒಮ್ಮೆ ಕುಳಿತು ಬರೆದಿಟ್ಟಿದ್ದೇನೆ. ಓದು ಬಂದವರು ಓದಿಕೊಳ್ಳಲಿ, ಬಾರದವರು ಓದಿಸಿಕೊಳ್ಳಲಿ, ನನ್ನನ್ನು ಬಸ್ಸು ಹತ್ತಲು ಬಿಡಲಿ.

ನಾನು ಗುರುಗುಂಟಾದ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಕಲಿತವಳು. ಐದಕ್ಕೆ ಹೋಗುವ ಹೊತ್ತಿಗೆ ಮನೆಯಲ್ಲಿ ಕುರಿ ಹೆಚ್ಚಾದವು, ಕಾಯುವವರು ಕಡಿಮೆಯಾದರು. ಹೀಗಾಗಿ ಇದರಲ್ಲಿ ದೊಡ್ಡ ಮಾತು ಹುಡುಕಬೇಡಿ.

ನನ್ನನ್ನು ಕರೆಸಿಕೊಂಡವಳು ಸುಜಾತಾ, ಮಗಳ ಮಗಳು. ನನ್ನನ್ನು ಆಯಿ ಅನ್ನುತ್ತಾಳೆ. ನಾಲ್ಕು ವರ್ಷದಿಂದ ಐರ್ಲೆಂಡಿನಲ್ಲಿ ನರ್ಸು. ಡಬ್ಲಿನ್ ಎಂಬ ಪಟ್ಟಣದಿಂದ ಒಂದು ತಾಸಿನ ಹಾದಿ, ಸಮುದ್ರದ ದಂಡೆಯ ಒಂದು ಊರು. ಮೊದಲು ಅವಳು ಕರೆದದ್ದು ತಾಯಿಯನ್ನು. ಆದರೆ ಅವಳಿರುವ ದಢೇಸುಗೂರಿನಲ್ಲಿ ಅದು ಕಾಲುವೆಗೆ ನೀರು ಬಿಡುವ ಹೊತ್ತು. ಭತ್ತದ ಸಸಿ ಹಚ್ಚುವುದನ್ನು ಬಿಟ್ಟು ನನ್ನ ಮಗಳು ಸ್ವರ್ಗಕ್ಕೆ ಕರೆದರೂ ಹೋಗುವವಳಲ್ಲ. ನಾನು ಖಾಲಿ ಇದ್ದೆ. ಹೋದೆ.

ವಿಮಾನ, ಮತ್ತು ಕರಿ ಪುಡಿ

ವಿಮಾನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ದೂರದ ಬಸ್ಸಿನಂತೆಯೇ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತದೆ, ಪಕ್ಕದವರು ಹೆಗಲ ಮೇಲೆ ನಿದ್ದೆ ಮಾಡುತ್ತಾರೆ. ಕಿಟಕಿಯ ಹೊರಗೆ ಮೋಡ. ಮೇಲಿನಿಂದ ನೋಡಿದರೆ ಹಿಂಜಿದ ಹತ್ತಿ. ಹತ್ತಿ ಬಿಡಿಸಿಯೇ ಬೆನ್ನು ಬಾಗಿಸಿಕೊಂಡವಳಿಗೆ ಅದೇನು ಹೊಸದಲ್ಲ.

ಇಳಿದ ಮೇಲೆ ನನ್ನ ಚೀಲವನ್ನು ಒಬ್ಬ ಅಧಿಕಾರಿ ಬಿಚ್ಚಿಸಿದ. ಒಣಗಿಸಿದ ಕಟಗ ರೊಟ್ಟಿ ತೆಗೆದು ಬೆರಳಲ್ಲಿ ಬಡಿದು ನೋಡಿದ. ಶೇಂಗಾ ಚಟ್ನಿಗೆ ಏನೂ ಅನ್ನಲಿಲ್ಲ. ಗುರೆಳ್ಳು ಪುಡಿಯ ಪೊಟ್ಟಣ ಕೈಗೆ ಬಂತು ನೋಡಿ, ಮುಖ ಗಂಭೀರವಾಯಿತು. ಕಪ್ಪು ಪುಡಿ, ಎರಡು ಸೇರು. ಇನ್ನೊಬ್ಬನನ್ನು ಕರೆದ. ಇಬ್ಬರೂ ನನ್ನನ್ನು ಏನೇನೋ ಕೇಳಿದರು. ನನಗೆ ಅವರ ಮಾತು ಬರದು, ಅವರಿಗೆ ಗುರೆಳ್ಳು ಗೊತ್ತಿಲ್ಲ. ನಾನು ಒಂದು ರೊಟ್ಟಿ ಮುರಿದು, ಪುಡಿಯಲ್ಲಿ ಅದ್ದಿ, ಅವರ ಎದುರಿಗೇ ತಿಂದೆ. ಇನ್ನೊಂದು ಚೂರನ್ನು ಅವರತ್ತ ಚಾಚಿದೆ. ತಿನ್ನಲಿಲ್ಲ. ಆದರೆ ಪೊಟ್ಟಣ ಒಳಗಿಟ್ಟು ಚೀಲದ ಜಿಪ್ ತಾವೇ ಎಳೆದುಕೊಟ್ಟರು.

ಹೊರಗೆ ನಿಂತಿದ್ದ ಸುಜಾತಾ ಕೇಳಿದಳು, "ಯಾಕಬೇ ಇಷ್ಟೊತ್ತು? ಏನರ ಜಗಳಾ ತಗದ್ಯಾ?"

"ಉಣ್ಣಾಕತ್ತಿದ್ದೆ," ಅಂದೆ.

ಮೋಯ್ರಾಳ ಮನೆ

ಸುಜಾತಾ ಇರುವುದು ಮೋಯ್ರಾ ಎಂಬಾಕೆಯ ಮನೆಯ ಮೇಲಂತಸ್ತಿನಲ್ಲಿ. ಮೋಯ್ರಾಳಿಗೆ ಎಪ್ಪತ್ತಾರು. ನನಗಿಂತ ಐದು ವರ್ಷ ದೊಡ್ಡವಳು, ಹಾಗಾಗಿ ನಾನು ಮೋಯ್ರಕ್ಕ ಅಂದೆ. ಆಕೆ ನನ್ನನ್ನು ಅಮರಾ ಅಂದಳು. ಕಡ್ಡಿಯಂಥ ಹೆಂಗಸು, ಬಿಳಿ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದಾಳೆ. ಮಾತು ಕಡಿಮೆ. ನನಗದು ಹಿಡಿಸಿತು.

ಅಲ್ಲಿಯ ಮಂದಿಯ ರೀತಿ ಬೇರೆ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಉಪಕಾರವಾಯಿತು ಎಂದು ಹೇಳಿ ಇಳಿಯುತ್ತಾರೆ. ನಮ್ಮ ಸಿಂಧನೂರು ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರ್ ತನ್ನನ್ನೇನೋ ಹಂಗಿಸಿದರು ಎಂದು ತಿರುಗಿ ನೋಡಿಯಾನು. ನೀವು ಅವರ ಕಾಲು ತುಳಿದರೂ ಅವರೇ ತಪ್ಪಾಯಿತು ಅನ್ನುತ್ತಾರೆ. ಚಹಾ ನಮ್ಮಂತೆಯೇ ಹಾಲು ಹಾಕಿ ಕುಡಿಯುತ್ತಾರೆ, ಆದರೆ ಒಂದೊಂದು ಕಪ್ಪು ಒಂದೊಂದು ಚರಿಗೆಯಷ್ಟು, ಸಕ್ಕರೆ ಇಲ್ಲ. ಹಸುವಿಗೆ ಕಿವಿಯಲ್ಲಿ ಚೀಟಿ. ಕುರಿಯ ಬೆನ್ನಿಗೆ ನೀಲಿ, ಕೆಂಪು ಬಣ್ಣ, ಯಾರ ಕುರಿ ಎಂದು ತಿಳಿಯಲು. ಅದು ನಮ್ಮ ಗುರುಗುಂಟಾದಲ್ಲೂ ಉಂಟು. ಕಾಯುವವರು ಮಾತ್ರ ಕಾಣಲಿಲ್ಲ. ಎರಡು ದಿನ ನೋಡಿದೆ, ಯಾರೂ ಬರಲಿಲ್ಲ. ನನಗೇ ಕಳವಳವಾಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಹೊತ್ತು. ಸಂಜೆ ಒಂಬತ್ತಾದರೂ ಬಿಸಿಲು. ಒಲೆ ಯಾವಾಗ ಹೊತ್ತಿಸಬೇಕು, ಕಸ ಯಾವಾಗ ಹೊಡೆಯಬೇಕು, ಏನೂ ತಿಳಿಯದು.

ಮನೆಯ ಹಿಂದಿನ ಅಂಗಳದಲ್ಲಿ ಎರಡು ಗಾಲಿಯ ಸಣ್ಣ ಗಾಡಿಯ ಮೇಲೆ ಒಂದು ಕಟ್ಟಿಗೆಯ ದೋಣಿ ಇತ್ತು. ಎತ್ತು ಹೂಡುವ ಮೂಕಿಯೂ ಸೇರಿದರೆ ನಮ್ಮ ಎತ್ತಿನ ಬಂಡಿ ಎಷ್ಟು ಉದ್ದವೋ ಅಷ್ಟೇ. ಹಲಗೆಗಳನ್ನು ಮನೆಗೆ ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಒಂದು ಬರುವ ಹಾಗೆ ತಾಮ್ರದ ಮೊಳೆ ಹೊಡೆದು ಜೋಡಿಸಿದ್ದರು. ಹೊಳೆಯುವ ಬಣ್ಣ. ನಡುವೆ ಒಂದು ಕಂಬ ನಿಲ್ಲಿಸಿ, ಅದಕ್ಕೆ ಬಟ್ಟೆಯ ಹಾಯಿ ಕಟ್ಟಿ, ಗಾಳಿಯಿಂದಲೇ ಓಡಿಸುತ್ತಾರೆ. ಮೋಯ್ರಾಳ ತಂದೆ ಅದರಲ್ಲಿ ಪಂದ್ಯ ಓಡಿದ್ದನಂತೆ, ಆಮೇಲೆ ಇವಳು.

ಆ ಊರಿನಲ್ಲಿ ಇಂಥವು ಹದಿನಾಲ್ಕು ದೋಣಿ ಇವೆ. ಬೇಸಿಗೆಯಲ್ಲಿ ಪ್ರತಿ ಬುಧವಾರ ಸಂಜೆ ಪಂದ್ಯ. ಅದರಲ್ಲೊಂದು ಕಟ್ಟುಪಾಡು: ಎಲ್ಲ ದೋಣಿಗಳೂ ಒಂದೇ ಅಳತೆ. ಉದ್ದ, ಅಗಲ, ಕಂಬ, ಹಾಯಿ, ಬೆರಳಷ್ಟೂ ಹೆಚ್ಚುಕಡಿಮೆ ಇರಬಾರದು. ಟೇಪು ಹಿಡಿದು ಅಳೆಯಲು ಒಬ್ಬ ಮನುಷ್ಯನೇ ಇದ್ದಾನೆ. ನೂರು ವರ್ಷದ ಹಿಂದಿನ ದೋಣಿಯೂ ಮೊನ್ನೆ ಕಟ್ಟಿದ್ದೂ ಅಕ್ಕಪಕ್ಕ ನಿಂತರೆ ಜೋಡಿ ಬಟ್ಟಲಿನಂತೆ ಕಾಣುತ್ತವೆ.

"ಎಲ್ಲಾ ಒಂದ ಥರ ಇದ್ರ ಪಂದ್ಯಾ ಎದಕ್ಕ?" ಎಂದು ಕೇಳಿದೆ.

ಸುಜಾತಾ ನಕ್ಕಳು. "ಅದಕ್ಕ ಆಯಿ. ಗೆದ್ರ ಮನಷಾ ಗೆದ್ದಂಗ, ಸೋತ್ರ ಮನಷಾ ಸೋತಂಗ. ದೋಣಿ ಮ್ಯಾಲ ಹಾಕೂಹಂಗ ಇಲ್ಲ."

ಇದು ನನಗೆ ಒಪ್ಪಿತವಾಯಿತು. ನಮ್ಮಲ್ಲಿ ಎತ್ತು ಓಡಿಸುತ್ತಾರಲ್ಲ, ಯಾರ ಮನೆಯಲ್ಲಿ ಹಿಂಡಿ ಹೆಚ್ಚೋ ಅವರ ಎತ್ತು ಗೆಲ್ಲುತ್ತದೆ, ಆಮೇಲೆ ಯಜಮಾನ ಮೀಸೆ ತಿರುವುತ್ತಾನೆ. ಇಲ್ಲಿ ಹಾಗಿಲ್ಲ.

ಭಾನುವಾರ

ನನಗೆ ನೆಗಡಿ ಬಂದು ಭಾನುವಾರವೆಲ್ಲ ಮೇಲೆ ಹೊದ್ದು ಮಲಗಿದ್ದೆ. ಊಟದ ಹೊತ್ತಿಗೆ ಸುಜಾತಾ ಒಂದು ಸಂಗತಿ ಹೇಳಿದಳು.

ಹೋದ ವರ್ಷ ಮೋಯ್ರಾ ಇದೇ ದೋಣಿಯನ್ನು ನೀರಿನಿಂದ ಎಳೆಯುವಾಗ ಪಾಚಿಯ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಸುಜಾತಾ ಇರುವ ಆಸ್ಪತ್ರೆಗೇ ಬಂದಳು. ಸುಜಾತಾ ಅವಳನ್ನು ಹಿಡಿದು ನಡೆಸಿದಳು. ನೀನು ನನಗೆ ನಡೆಯಲು ಕಲಿಸಿದೆ, ನಾನು ನಿನಗೆ ದೋಣಿ ಕಲಿಸುತ್ತೇನೆ ಎಂದು ಮೋಯ್ರಾ ಇವಳನ್ನು ಹಿಡಿದುಕೊಂಡಳು, ಬೇರೆಯವರ ದೋಣಿಯಲ್ಲಿ ಹಗ್ಗ ಹಿಡಿಯುವುದನ್ನು ಕಲಿಸಿದಳು. ಮೋಯ್ರಾಳಿಗೆ ಒಬ್ಬನೇ ಮಗ, ಡೆಕ್ಲನ್. ದೋಣಿ ಸಾಕು, ಮಾರಿಬಿಡು ಎಂದು ಅವನ ಹಟ. ಕೊಳ್ಳುವವನನ್ನೂ ಹುಡುಕಿಟ್ಟಿದ್ದ. ಆ ಗಿರಾಕಿ ಶನಿವಾರ ಬರುವವನಿದ್ದ. ತಾಯಿ ಮಗ ಜಗಳಾಡಿ ಕೊನೆಗೆ ಒಂದು ಮಾತಿಗೆ ಬಂದಿದ್ದರು. ಈ ಬುಧವಾರದ ಪಂದ್ಯವನ್ನು ಮೋಯ್ರಾ ತಾನೇ ಚುಕ್ಕಾಣಿ ಹಿಡಿದು, ಹೊರಗಿನವರ ಆಸರೆಯಿಲ್ಲದೆ, ವೇಳೆ ಮುಗಿಯುವುದರೊಳಗೆ ಮುಗಿಸಿದರೆ ದೋಣಿ ಅವಳದು. ಮುಗಿಸದಿದ್ದರೆ ಶನಿವಾರ ಅದು ಬೇರೆಯವರ ಅಂಗಳಕ್ಕೆ.

"ಮಗ ಹೇಳೂದು ಖರೇ ಅದ," ಅಂದೆ. "ಎಪ್ಪತ್ತಾರಕ್ಕ ಎದಕ್ಕ ಬೇಕು ಇದು? ಇನ್ನೊಂದು ಸೊಂಟ ಮುರಕೊಳ್ಳಾಕೇನ್?"

"ನೀ ಎಪ್ಪತ್ತೊಂದಕ್ಕ ಐರ್ಲೆಂಡಿಗೆ ಎದಕ್ಕ ಬಂದಿ?"

"ಟಿಕೀಟು ನೀ ಕಳಿಸಿದಿ."

ಸುಜಾತಾ ತಟ್ಟೆ ಎತ್ತಿಕೊಂಡು ಎದ್ದಳು. "ಇವತ್ತ ದೋಣಿನ ತಯಾರ ಮಾಡೀವಿ. ಬುಧವಾರ ತನಕ ಹಂಗ ಬಿಡಬೇಕು," ಅಂದಳು. ಹೇಗೆ ತಯಾರು ಮಾಡಿದಿರಿ ಎಂದು ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ. ಮುಂದಿನದೆಲ್ಲ ಆದದ್ದು ಇದರಿಂದಲೇ.

ಸೋಮವಾರ

ಬೆಳಗ್ಗೆ ಸುಜಾತಾ ಡ್ಯೂಟಿಗೆ ಹೋದಳು. ಹೋಗುವಾಗ ಮೋಯ್ರಾಳನ್ನೂ ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋದಳು. ನಾನೊಬ್ಬಳೇ. ನೆಗಡಿ ಇಳಿದಿತ್ತು, ಅಪರೂಪಕ್ಕೆ ಒಳ್ಳೆಯ ಬಿಸಿಲೂ ಬಿದ್ದಿತ್ತು. ಅಂಗಳಕ್ಕೆ ಹೋದೆ.

ನೋಡಿದರೆ ದೋಣಿಯ ತುಂಬ ನೀರು. ನಲ್ಲಿಯ ಪೈಪು ಒಳಗೆ ಬಿಟ್ಟಿದ್ದಾರೆ, ನೀರು ಸಣ್ಣಗೆ ಬೀಳುತ್ತಲೇ ಇದೆ. ಕೆಳಗೆ ಹಲಗೆಯ ಸಂದಿಯಿಂದ ತೊಟ್ಟಿಕ್ಕಿ ಅಂಗಳದುದ್ದಕ್ಕೂ ಹರಿದು ಮೋರಿ ಸೇರುತ್ತಿದೆ. ರಾತ್ರಿಯೆಲ್ಲ ಹೀಗೆಯೇ ಹರಿದಿರಬೇಕು.

ನಾನು ಮಸ್ಕಿಯವಳು. ನಮ್ಮ ಹೊಲ ಕಾಲುವೆಯ ಕಟ್ಟಕಡೆಗೆ, ಟೇಲೆಂಡಿನಲ್ಲಿ ಇದೆ. ಮೇಲಿನವರು ಭತ್ತಕ್ಕೆ ನಿಲ್ಲಿಸಿಕೊಂಡು ಬಿಟ್ಟ ಮೇಲೆ ನಮಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸರದಿಯ ನೀರಿಗೆ ಸಲಿಕೆ ಹಿಡಿದು ಬದುವಿನ ಮೇಲೆ ಕುಳಿತವಳು ನಾನು. ನೀರು ಮೋರಿಗೆ ಹೋಗುವುದನ್ನು ನೋಡಿಕೊಂಡು ಚಹಾ ಕುಡಿಯಲು ನನ್ನಿಂದ ಆಗುವುದಿಲ್ಲ. ಅಲ್ಲದೆ ದೋಣಿ ಎಂದರೆ ನೀರನ್ನು ಹೊರಗಿಡುವ ವಸ್ತು. ಒಳಗೆ ನೀರು ನಿಂತಿದೆ ಎಂದರೆ ಯಾರೋ ಮರೆತಿದ್ದಾರೆ, ಪಾಪ, ಬುಧವಾರ ಪಂದ್ಯ ಬೇರೆ ಇದೆ ಎಂದುಕೊಂಡೆ.

ನಲ್ಲಿ ಬಂದ್ ಮಾಡಿದೆ. ದೋಣಿಯ ಹಿಂಬದಿ ತಳದಲ್ಲಿ ಒಂದು ಬಿರಡೆ ಇತ್ತು, ಕಿತ್ತೆ. ನೀರೆಲ್ಲ ಹೋಯಿತು. ಒಳಗೆ ನೆನೆದ ಹಳೆಯ ಟವೆಲ್ಲುಗಳಿದ್ದವು, ಹಿಂಡಿ ಹಗ್ಗಕ್ಕೆ ಹಾಕಿದೆ. ಒಣ ಬಟ್ಟೆಯಿಂದ ಒಂದೊಂದು ಹಲಗೆಯನ್ನೂ ಒರೆಸಿದೆ. ಗಾಡಿಯನ್ನು ಎಳೆದು ನೆರಳಿನಿಂದ ಬಿಸಿಲಿಗೆ ತಂದೆ. ಮೆಣಸಿನಕಾಯಿ ಒಣಗಿಸಿದಂತೆ ನಡುವೆ ಎರಡು ಸಲ ಬಂದು ದಿಕ್ಕು ತಿರುಗಿಸಿದೆ. ಸಂಜೆಯ ಹೊತ್ತಿಗೆ ದೋಣಿ ರೊಟ್ಟಿಯ ಹಾಗೆ ಗರಿಗರಿ ಒಣಗಿತ್ತು. ಕೆಲಸ ಮಾಡಿದ ತೃಪ್ತಿಯಿಂದ ಮೆಟ್ಟಿಲ ಮೇಲೆ ಕುಳಿತಿದ್ದೆ.

ಅವರು ಬಂದರು. ಸುಜಾತಾ ಗೇಟಿನಲ್ಲೇ ನಿಂತಳು.

"ಆಯೀ! ಏನ್ ಮಾಡಿಬಿಟ್ಟಿ!"

"ನೀರ್ ಸುಮ್ನ ಹರದು ಹೋಗಾಕತ್ತಿತ್ತು. ನೀವು ಮರತೀರಿ ಅಂತ—"

"ಅದು ಹರೀಲಿ ಅಂತನ ಬಿಟ್ಟಿದ್ವಿ! ಒಂದ್ ವರ್ಷ ಹೊರಗಿದ್ದು ಹಲಗಿ ಒಣಗ್ಯಾವ. ನೀರಾಗ ನೆನದು ಉಬ್ಬಿದ್ರನ ಸಂದಿ ಮುಚ್ಚೂದು. ಮೂರು ದಿನಾ ಬೇಕು ಅದಕ್ಕ!"

ನನ್ನ ತಲೆಯಲ್ಲಿ ಆಗ ಬೆಳಕಾಯಿತು. ಬಂಡಿಯ ಗಾಲಿ! ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಕಬ್ಬಿಣದ ಪಟ್ಟಿ ಸಡಿಲವಾದರೆ ಗಾಲಿ ಬಿಚ್ಚಿ ಹಳ್ಳದಲ್ಲಿ ಮುಳುಗಿಸಿಡುತ್ತಿದ್ದೆವು. ಉಬ್ಬಿ ಬಿಗಿಯಾಗುತ್ತಿತ್ತು. ಮದುವೆಯಾಗಿ ಬಂದ ವರ್ಷದಿಂದ ನಾನೇ ಎಷ್ಟು ಗಾಲಿ ಉರುಳಿಸಿಕೊಂಡು ಹೋಗಿದ್ದೇನೋ. ಹೊಳೆಯುವ ಬಣ್ಣ ನೋಡಿ, ಅದೂ ಕಟ್ಟಿಗೆ ಎಂಬುದನ್ನೇ ಮರೆತಿದ್ದೆ.

ಮೋಯ್ರಾ ಬೈಯಲಿಲ್ಲ. ದೋಣಿಯ ಹತ್ತಿರ ಹೋಗಿ ಒಂದು ಸಂದಿಯಲ್ಲಿ ಉಗುರು ತೂರಿಸಿದಳು. ಉಗುರು ಒಳಗೆ ಹೋಯಿತು. ಬಂದು ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತಳು. ಬೈದಿದ್ದರೆ ಚೆನ್ನಾಗಿತ್ತು.

ಮಂಗಳವಾರ

ಬೆಳಗ್ಗೆ ಐದಕ್ಕೇ ಎದ್ದೆ. ಹಳ್ಳ ದೂರವಿದ್ದಾಗ ಗಾಲಿಗೆ ಏನು ಮಾಡುತ್ತಿದ್ದೆವೋ ಅದನ್ನೇ ಮಾಡಬೇಕು: ಗೋಣಿತಟ್ಟು ನೆನೆಸಿ ಸುತ್ತುವುದು, ಆರಲು ಬಿಡದೆ ನೀರು ಹನಿಸುವುದು. ಒಳಗೆ ನೀರು ನಿಲ್ಲಿಸಿದರೆ ತಳ ಮಾತ್ರ ನೆನೆಯುತ್ತದೆ. ಒಳಗೂ ಹೊರಗೂ ಬಟ್ಟೆ ಹಾಕಿದರೆ ಹಲಗೆ ಎರಡು ಕಡೆಯಿಂದ ಕುಡಿಯುತ್ತದೆ. ಸುಜಾತಾ ಇದನ್ನು ಹೇಳಿದಾಗ ಮೋಯ್ರಾ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಮನೆಯ ಹಾಸಿಗೆಯ ಚಾದರುಗಳನ್ನೆಲ್ಲ ತಂದು ಹಾಕಿದಳು.

ನಾವಿಬ್ಬರೂ ಮುದುಕಿಯರು ದಿನವಿಡೀ ದೋಣಿಗೆ ಒದ್ದೆ ಚಾದರ ಹೊದಿಸಿ, ಬಾಣಂತಿಗೆ ಮಾಡಿದ ಹಾಗೆ ಬಿಸಿನೀರು ಹುಯ್ದೆವು. ಬಿಸಿನೀರಾದರೆ ಬೇಗ ಉಬ್ಬುತ್ತದೆ ಎಂಬುದು ಅವಳ ಲೆಕ್ಕ. ಅವಳು ಇಂಗ್ಲಿಷಿನಲ್ಲಿ ಮಾತಾಡಿದಳು, ನಾನು ಕನ್ನಡದಲ್ಲಿ. ಕೊಡ ತಾ, ಹಿಂಡು, ಆ ಕಡೆ ಎಳೆ, ಇದಕ್ಕೆಲ್ಲ ಭಾಷೆ ಬೇಕಿಲ್ಲ.

ಸಂಜೆ ಡೆಕ್ಲನ್ ಬಂದ. ನಲವತ್ತೈದರ ದಪ್ಪ ಮನುಷ್ಯ, ಕೆಂಪು ಮುಖ. ಕೆಟ್ಟವನಲ್ಲ. ಹೋದ ವರ್ಷ ತಾಯಿ ಬಿದ್ದಾಗ ನೀರಿಗಿಳಿದು ಎತ್ತಿದವನು ಅವನೇ. ಚಾದರ ಸರಿಸಿ ನೋಡಿದ. ಹೆಚ್ಚಿನ ಸಂದಿ ಮುಚ್ಚಿದ್ದವು. ಮುಂಭಾಗದ ತಳದಲ್ಲಿ ಎರಡು ಮಾತ್ರ ಇನ್ನೂ ಬೆವರುತ್ತಿದ್ದವು. ಅವನು ಕೈಯಾಡಿಸಿ ಏನೋ ಹೇಳಿದ. ಮೋಯ್ರಾ ನನ್ನತ್ತ ಬೆರಳು ತೋರಿಸಿ ಏನೋ ಹೇಳಿದಳು.

"ಏನ್ ಅಂತ?" ಎಂದು ಕೇಳಿದೆ.

ಸುಜಾತಾ ಚಾದರ ಎಳೆದು ಮುಚ್ಚುತ್ತ ಅಂದಳು, "ಇದ್ರಾಗ ನೀರ್ ಬರ್ತದ, ಹೋಗಬ್ಯಾಡ ಅಂತಾನ. ಅದಕ್ಕ ಆಕಿ, ಒಣಗಿಸಿದಾಕಿನ ಕುಂತು ನೀರ್ ಮೊಗದು ಹಾಕ್ತಾಳ ಅಂದ್ಲು."

"ನಾನು?"

"ದೋಣ್ಯಾಗ ಇಬ್ಬರರ ಇರಲಿ, ಮೂವರರ ಇರಲಿ, ನಡೀತದಂತ. ದೋಣಿ ಅಷ್ಟ ಒಂದ ಅಳತಿ ಇರಬೇಕು."

ಡೆಕ್ಲನ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಎಪ್ಪತ್ತೆರಡು ಕಿಲೋ. ಸೀರೆ, ಸ್ವೆಟರು, ತಲೆಗೆ ಟವೆಲ್ಲು. ನೀರೆಂದರೆ ಕೃಷ್ಣಾ ನದಿಯನ್ನು ನಾಲ್ಕೈದು ಸಲ ಹರಿಗೋಲಿನಲ್ಲಿ ದಾಟಿದ್ದೇನೆ, ಈಜು ಬರದು. ಒಲ್ಲೆ ಅನ್ನಲು ಬಾಯಿ ತೆರೆದೆ. ಮೋಯ್ರಾ ಬೈಯದೆ ಪಕ್ಕಕ್ಕೆ ಬಂದು ಕುಳಿತ ಆ ಮೆಟ್ಟಿಲು ನೆನಪಾಯಿತು. "ಆತು," ಅಂದೆ.

ಬುಧವಾರ ಸಂಜೆ

ಸಸಿ ಹಚ್ಚುವಾಗಿನ ಹಾಗೆ ಸೀರೆಯನ್ನು ಕಚ್ಚೆ ಹಾಕಿದೆ. ಮೇಲೆ ಗಾಳಿ ತುಂಬಿದ ಅಂಗಿಯೊಂದನ್ನು ತೊಡಿಸಿ ಬಿಗಿದರು, ಬಿದ್ದರೆ ತೇಲಿಸುತ್ತದೆಯಂತೆ. ಕೈಗೆ ತಳ ಕೊರೆದ ಒಂದು ಪ್ಲಾಸ್ಟಿಕ್ ಕ್ಯಾನು ಕೊಟ್ಟರು. ಮೋಯ್ರಾ ಹಿಂದೆ ಚುಕ್ಕಾಣಿ ಹಿಡಿದು ಕುಳಿತಳು. ಸುಜಾತಾ ನಡುವೆ, ಹಗ್ಗಗಳ ಹತ್ತಿರ. ನಾನು ಅವರ ಮುಂದೆ.

ನೀರಿನಲ್ಲಿ ಮೂರು ಕಡೆ ಕಿತ್ತಳೆ ಬಣ್ಣದ, ನೀರಿನ ಟಾಕಿಯಷ್ಟು ದೊಡ್ಡ ಚೆಂಡುಗಳನ್ನು ಲಂಗರು ಹಾಕಿ ತೇಲಿಬಿಟ್ಟಿದ್ದರು. ಅವುಗಳ ಹೊರಗಿನಿಂದ ಎರಡು ಸುತ್ತು ಹಾಕಿ ಬರಬೇಕು. ಏಳಕ್ಕೆ ಶುರು, ಎಂಟೂವರೆಯೊಳಗೆ ಗೆರೆ ದಾಟಬೇಕು. ದಾಟದವರ ಹೆಸರು ಬರೆಯುವುದಿಲ್ಲ. ಡೆಕ್ಲನ್ ದಂಡೆಯ ಗೋಡೆಯ ಮೇಲೆ ಕೈಗಡಿಯಾರ ನೋಡುತ್ತ ನಿಂತಿದ್ದ.

ಭೋಂ ಎಂದು ಊದಿದರು. ಹದಿನಾಲ್ಕೂ ಒಮ್ಮೆಲೇ ಹೊರಟವು. ಮರುಗಳಿಗೆ ನಮ್ಮ ದೋಣಿ ಒಂದು ಬದಿಗೆ ಹೊರಳಿತು. ಸತ್ತೆ ಅಂದುಕೊಂಡೆ.

"ಈ ಕಡಿ ಬಾ ಆಯಿ! ಅಂಚಿನ ಮ್ಯಾಲ ಕುಂದ್ರು! ಭಾರಾ ಹಾಕು!"

ಭಾರ ಹಾಕುವುದು ನನಗೆ ಬರುವ ವಿದ್ಯೆ. ಅಂಚಿಗೆ ಸರಿದು ಕುಳಿತೆ. ದೋಣಿ ನೆಟ್ಟಗಾಯಿತು. ಹಿಂದಿನಿಂದ ಮೋಯ್ರಾ ಏನೋ ಕೂಗಿದಳು.

"ಬಯ್ಯಾಕತ್ತಾಳೇನು?"

"ಇಲ್ಲಬೇ, ಶಭಾಶ್ ಅಂತಾಳ. ಇಷ್ಟ ವರ್ಷ ಈ ದೋಣಿಗೆ ಇದ ಕಮ್ಮಿ ಇತ್ತಂತ."

ಗಾಳಿಗೆ ಎದುರು ಹೋಗಬೇಕಾದರೆ ನೇರ ಹೋಗುವುದಿಲ್ಲ. ಉಳುವಾಗ ಸಾಲಿನ ಕೊನೆಗೆ ಎತ್ತು ತಿರುಗಿಸಿದಂತೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗುತ್ತ ಹೋಗಬೇಕು. ಪ್ರತಿ ತಿರುವಿಗೂ ಹಾಯಿಯ ಕೆಳಗಿನ ಅಡ್ಡಗೋಲು ತಲೆಯ ಮೇಲೆ ಬೀಸಿ ಬರುತ್ತದೆ. "ಬಗ್ಗು ಆಯಿ!" ಎಂದು ಕೂಗಿದಾಗ ಬಗ್ಗಬೇಕು, ಎದ್ದು ಇನ್ನೊಂದು ಅಂಚಿಗೆ ಕೂರಬೇಕು. ಒಂದು ಸಲ ತಡವಾಯಿತು. ಟವೆಲ್ಲು ಹಾರಿ ಸಮುದ್ರಕ್ಕೆ ಹೋಯಿತು, ತಲೆ ಉಳಿಯಿತು.

ಇದರ ನಡುವೆ ನನ್ನ ಕೆಲಸ ನೀರು. ಆ ಎರಡು ಸಂದಿಗಳು ಸುಮ್ಮನಿರಲಿಲ್ಲ. ಹೊರಗೆ ಹಾಕಿದಷ್ಟೂ ಬಂತು. ನೂರು ಕ್ಯಾನಿನ ಮೇಲೆ ಎಣಿಸುವುದನ್ನು ಬಿಟ್ಟೆ. ಜೀವಮಾನವೆಲ್ಲ ಹೊಲಕ್ಕೆ ನೀರು ಬರಲಿ ಎಂದು ಕಾದವಳು, ನೀರು ಬಾರದಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು. ಕೈ ಸೋತಾಗ ಮೋಯ್ರಾಳನ್ನು ತಿರುಗಿ ನೋಡಿದೆ. ಮನೆಯಲ್ಲಿ ಕೋಲೂರಿ ನಡೆಯುವ ಮುದುಕಿ ಇವಳೇ ಏನು ಅನ್ನಿಸಿತು. ಕಣ್ಣು ಹಾಯಿಯ ಮೇಲೆ, ಕೈ ಚುಕ್ಕಾಣಿಯ ಮೇಲೆ. ಜೋಳದ ರೊಟ್ಟಿ ಬಡಿಯುವವಳ ಕೈಯ ಹಾಗೆ, ನೋಡದೆಯೇ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಒಂದು ಸುತ್ತು ಮುಗಿಯಿತು. ನೀರು ಹೊತ್ತ ದೋಣಿ, ಎಲ್ಲರಿಗಿಂತ ಹಿಂದೆ. ಎರಡನೆಯ ಸುತ್ತಿನಲ್ಲಿ ಗಾಳಿ ಕಡಿಮೆಯಾಯಿತು. ಕೊನೆಯ ಚೆಂಡಿನ ಹತ್ತಿರ ಬರುವಾಗ ಎಂಟು ಹದಿನೆಂಟು ಎಂದು ಸುಜಾತಾ ಹೇಳಿದಳು. ಅದನ್ನು ತಿರುಗಿದರೆ ಮುಂದೆ ನೇರ ಗೆರೆ.

ಆದರೆ ಸಮುದ್ರದ ಸೆಳೆತ ದೋಣಿಯನ್ನು ಚೆಂಡಿನ ಕಡೆಗೇ ತಳ್ಳುತ್ತಿತ್ತು. ಚೆಂಡು ಇದ್ದ ಬದಿಗೆ ನಾನಿದ್ದೆ. ಹಾಯಿ ಅಡ್ಡವಾಗಿ ಅವರಿಬ್ಬರಿಗೂ ಕಾಣುತ್ತಿರಲಿಲ್ಲ. ಮೊಳದಷ್ಟು ದೂರಕ್ಕೆ ಬಂತು, ಗೇಣಿಗೆ ಬಂತು. ಇನ್ನೇನು ಬಡಿಯುತ್ತದೆ ಅನ್ನುವಾಗ, ಹರಿಗೋಲಿನವರು ಬಂಡೆಗೆ ಕೈಯೊತ್ತಿ ದಬ್ಬುತ್ತಾರಲ್ಲ ಹಾಗೆ, ಅಂಗೈ ಇಟ್ಟು ಜೋರಾಗಿ ದಬ್ಬಿದೆ. ದೋಣಿ ತಾಗದೆ ನುಣ್ಣಗೆ ತಿರುಗಿತು. ನನಗೆ ಬಲು ಹೆಮ್ಮೆಯಾಯಿತು.

ಹಿಂದೆ ಬಿದ್ದ ಚೆಂಡು ಕುಣಿಯುವುದನ್ನು ಮೋಯ್ರಾ ನೋಡಿ ಏನೋ ಕೇಳಿದಳು.

"ಆಯಿ, ದೋಣಿ ಅದಕ್ಕ ತಾಗ್ತೇನು?" ಎಂದಳು ಸುಜಾತಾ.

"ತಾಗಿಲ್ಲ. ನಾ ದಬ್ಬಿದೆ."

"ಕೈಲೆ?"

"ಮತ್ತೇನು ಕಾಲಿಲೇ?"

ಸುಜಾತಾಳ ಮುಖ ಇಳಿಯಿತು. "ದೋಣಿ ತಾಗಿದ್ರೂ ಅಷ್ಟ, ನಾವು ಕೈಲೆ ಮುಟ್ಟಿದ್ರೂ ಅಷ್ಟ. ಮುಟ್ಟಿದ್ರ ನಿಂತಲ್ಲೇ ದೋಣಿನ ಒಂದ್ ಪೂರ್ತಿ ಸುತ್ತ ತಿರುಗಿಸಬೇಕು. ದಂಡ ಅದು."

"ಯಾರ್ ಹಾಕ್ತಾರ ದಂಡಾ?"

"ಯಾರೂ ಇಲ್ಲ. ನಾವ ಹಾಕ್ಕೋಬೇ​ಕು."

"ಯಾರ್ ನೋಡ್ಯಾರ?"

"ಯಾರೂ ನೋಡಿಲ್ಲ."

ಮೋಯ್ರಾ ಮತ್ತೆ ಕೇಳಿದಳು. ಸುಜಾತಾ ಹಗ್ಗ ನೋಡುತ್ತ ಕುಳಿತಳು. ಅವಳ ಮನಸ್ಸು ನನಗೆ ತಿಳಿಯಿತು. ತಿರುಗಿಸಿದರೆ ವೇಳೆ ಮೀರುತ್ತದೆ, ದೋಣಿ ಹೋಗುತ್ತದೆ. ನಡೆಸಿ ನಡೆಸಿ ಮೇಲೆಬ್ಬಿಸಿದ ಮುದುಕಿ ಮತ್ತೆ ಕುರ್ಚಿ ಹಿಡಿಯುತ್ತಾಳೆ. ಸುಜಾತಾ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

ಮೋಯ್ರಾ ನನ್ನನ್ನೇ ನೋಡಿದಳು. ಸುಳ್ಳು ಹೇಳುವುದಕ್ಕೆ ಭಾಷೆ ಬೇಕು, ನನ್ನ ಹತ್ತಿರ ಕೈ ಮಾತ್ರ ಇತ್ತು. ಅಂಗೈ ಎತ್ತಿ ತೋರಿಸಿದೆ. ಚೆಂಡಿನತ್ತ ಬೆರಳು ಮಾಡಿದೆ. ದಬ್ಬಿದಂತೆ ಮಾಡಿ ತೋರಿಸಿದೆ.

ಮೋಯ್ರಾ ಒಂದು ಚಿಕ್ಕ ಶಬ್ದ ನುಡಿದಳು. ಅದರ ಅರ್ಥವನ್ನು ಸುಜಾತಾ ಇವತ್ತಿಗೂ ಹೇಳಿಲ್ಲ. ನುಡಿದು ಚುಕ್ಕಾಣಿಯನ್ನು ಪೂರ್ತಿ ಒತ್ತಿದಳು.

ಆ ಒಂದು ಸುತ್ತು ತಿರುಗುವುದರಲ್ಲಿ ನನಗೆ ಬೆವರಿಳಿಯಿತು. ಹಾಯಿ ಸತ್ತಂತೆ ಜೋತುಬಿತ್ತು. ದೋಣಿ ಕೆಸರಿನಲ್ಲಿ ಸಿಕ್ಕ ಎಮ್ಮೆಯ ಹಾಗೆ ಹೊರಳಿತು. "ನೀರ್ ಹಾಕು ಆಯಿ, ಭಾರಾ ಇಳಸು!" ಎಂದು ಸುಜಾತಾ ಕೂಗಿದಳು. ಹಾಕಿದೆ. ಕ್ಯಾನು ಸಾಲದೆ ಇನ್ನೊಂದು ಕೈಯಿಂದಲೂ ಎರಚಿದೆ. ಅರ್ಧ ನೀರು ಸುಜಾತಾಳ ಮೇಲೆಯೇ ಬಿತ್ತು. ಸುತ್ತು ಮುಗಿಯಿತು. ಒಂದಿಷ್ಟು ಗಾಳಿ ಬಂತು, ಹಾಯಿ ಉಬ್ಬಿತು.

ಉಳಿದವರೆಲ್ಲ ದಂಡೆ ಸೇರಿ ಚಹಾ ಹಿಡಿದು ನಿಂತಿದ್ದರು. ನಾನು ತಲೆಯೆತ್ತಲಿಲ್ಲ. ನೀರು ಹಾಕುತ್ತಲೇ ಇದ್ದೆ. ಭೋಂ ಎಂದು ಊದಿದ್ದು ಕೇಳಿದಾಗ ವೇಳೆ ಮುಗಿದದ್ದಕ್ಕೆ ಊದಿದರು ಎಂದೇ ತಿಳಿದೆ.

"ಆಯಿ, ನಿಲ್ಲಸು. ದಾಟೀವಿ," ಎಂದಳು ಸುಜಾತಾ. ಎಂಟು ಇಪ್ಪತ್ತೆಂಟು. ಹದಿನಾಲ್ಕು ದೋಣಿಗಳಲ್ಲಿ ನಾವು ಹದಿನಾಲ್ಕನೆಯವರು.

ದಂಡೆ

ಡೆಕ್ಲನ್ ಬೂಟು ಹಾಕಿಕೊಂಡೇ ನೀರಿಗಿಳಿದು ದೋಣಿಯ ಮೂತಿ ಹಿಡಿದ. ತಾಯಿಯನ್ನು ಏನೋ ಕೇಳಿದ. ಅವಳು ಎರಡು ಮಾತಿನಲ್ಲಿ ಉತ್ತರ ಕೊಟ್ಟಳು.

"ಏನಂದ?"

"ಕೊನೀಗೆ ಯಾಕ ಸುತ್ತ ತಿರುಗಿಸಿದಿ, ಯಾರೂ ನೋಡಿರಲಿಲ್ಲಲ್ಲ ಅಂದ."

"ಆಕಿ?"

"ಮುಟ್ಟಿದ್ವಿ, ಅಂದ್ಲು."

ನಾನು ಮುಟ್ಟಿದೆ ಎಂದು ಅವಳು ಹೇಳಲಿಲ್ಲ. ಅದನ್ನು ನಾನು ಗಮನಿಸಿದೆ.

ಡೆಕ್ಲನ್ ಫೋನು ತೆಗೆದು ಗೋಡೆಯ ಕಡೆಗೆ ಹೋದ. ನನಗೆ ಅವನ ಮಾತು ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಲಿಂಗಸುಗೂರಿನ ದನದ ಸಂತೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಒಪ್ಪಿದ ವ್ಯಾಪಾರವನ್ನು ಮುರಿಯುವವನು ಭುಜ ಒಂದಿಷ್ಟು ಎತ್ತಿ, ನೆಲ ನೋಡುತ್ತ ಮಾತಾಡುತ್ತಾನೆ. ಹಾಗೆಯೇ ಮಾತಾಡಿದ. ಬಂದು ದೋಣಿಯನ್ನು ಗಾಡಿಗೆ ಏರಿಸಿ ಎಳೆಯತೊಡಗಿದ. ಹಾಗಲ್ಲ ಹೀಗೆ ಎಳೆ ಎಂದು ಮೋಯ್ರಾ ಅವನ ಬೆನ್ನ ಹಿಂದೆಯೇ ಗದರುತ್ತ ನಡೆದಳು. ಅವಳ ಕೋಲು ದೋಣಿಯಲ್ಲೇ ಇತ್ತು.

ಮುಂದಿನ ಬುಧವಾರ

ಮೂರು ದಿನ ನನಗೆ ತೋಳು ಎತ್ತಲು ಆಗಲಿಲ್ಲ. ಸುಜಾತಾ ಎಣ್ಣೆ ತಿಕ್ಕಿದಳು. ಮಂಗಳವಾರ ಮೋಯ್ರಾ ಮೆಟ್ಟಿಲು ಹತ್ತಿ ಮೇಲೆ ಬಂದಳು. ಅಲ್ಲಿಯವರೆಗೆ ಅವಳು ಮೇಲೆ ಬಂದದ್ದನ್ನು ನಾನು ನೋಡಿರಲಿಲ್ಲ. ನಿಂತುಕೊಂಡೇ ಸುಜಾತಾಳ ಜೊತೆ ಮಾತಾಡಿದಳು.

"ನಾಳೆ ಬರ್ತಿಯೇನು ಅಂತ ಕೇಳ್ತಾಳ," ಎಂದಳು ಸುಜಾತಾ. "ಸಂದಿ ಎಲ್ಲಾ ಮುಚ್ಯಾವಂತ. ನೀರ್ ಮೊಗೆಯೂ ಕೆಲಸಿಲ್ಲ. ಬರೇ ಭಾರಾ ಹಾಕಿದ್ರ ಸಾಕಂತ."

"ಮತ್ತ ನಾ ಏನರ ಮಾಡಿದ್ರ?"

ಸುಜಾತಾ ಕೇಳಿದಳು. ಮೋಯ್ರಾ ನನ್ನ ಎದುರು ಕುರ್ಚಿಯಲ್ಲಿ ಕುಳಿತು, ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಇಟ್ಟು ತೋರಿಸಿದಳು. ಅದನ್ನು ಸುಜಾತಾ ಬಿಡಿಸಿ ಹೇಳಬೇಕಾಗಲಿಲ್ಲ.

ಹೋದೆ. ಗಾಳಿ ಚೆನ್ನಾಗಿತ್ತು. ನಾವು ಹನ್ನೊಂದನೆಯವರಾಗಿ ಬಂದೆವು. ಕೊನೆಯ ಚೆಂಡು ಗೇಣಿನಷ್ಟು ಹತ್ತಿರ ಬಂದಾಗ ನಾನು ನನ್ನ ತೊಡೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ, ಐದೂ ಬೆರಳಿನ ಗುರುತು ಶುಕ್ರವಾರದವರೆಗೂ ಇತ್ತು.